ಡಬ್ಬಿಯಲ್ಲಿದ್ದ ಸಾಫ್ಟ್‌ವೇರ್ ತಂತಿಯೊಳಗೆ ಹೋಯ್ತು!

ಅಂಗಡಿಯಲ್ಲಿ ಕೊಳ್ಳುವುದೋ, ಆನ್‌ಲೈನಿನಲ್ಲಿ ಕಟ್ಟುವುದೋ? ಮೂರು ತಾಲ್ಲೂಕಿನ ವರ್ತಕರ ಹೊಸ ತಲೆನೋವು

ಕೊಳ್ಳೇಗಾಲ: ಬಸ್ ಸ್ಟ್ಯಾಂಡಿನಲ್ಲಿ ನಿಂತು ಹನೂರು ಬಸ್ಸಿನಿಂದ ಇಳಿಯುವವರನ್ನು ಒಮ್ಮೆ ಗಮನಿಸಿ. ಒಬ್ಬರ ತಲೆ ಮೇಲೆ ಚೀಲ, ಒಬ್ಬರ ಕೈಲಿ ಮಾದಪ್ಪನ ಬೆಟ್ಟದ ಲಾಡು, ಮತ್ತೊಬ್ಬರ ಬಗಲಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಕಂಪ್ಯೂಟರ್ ಪೆಟ್ಟಿಗೆ! ಜ್ವರ ಬಂದ ಮಗುವನ್ನು ಡಾಕ್ಟರ ಹತ್ತಿರ ತಂದ ಹಾಗೆ ಎದೆಗವಚಿಕೊಂಡು ಬರುತ್ತಾರೆ. ನೇರ ಹೋಗುವುದು ಕಂಪ್ಯೂಟರ್ ಅಂಗಡಿಗೆ. ‘ಒಸಿ ನೋಡಣ್ಣ, ಆನ್ ಆಯ್ತದೆ, ಬಿಲ್ ಮಾತ್ರ ಬತ್ತಾ ಇಲ್ಲ’ ಎನ್ನುವುದು ಮೊದಲ ಮಾತು.

ಅಂಗಡಿಯವ ಪೆಟ್ಟಿಗೆ ಬಿಚ್ಚಿ, ಮಾನಿಟರಿಗೆ ತಗುಲಿಸಿ, ಎರಡು ನಿಮಿಷ ನೋಡಿ ಹೇಳುವ ತೀರ್ಪು ಬಹಳ ಸಲ ಒಂದೇ: ‘ಕಂಪ್ಯೂಟರ್ ಚೆನ್ನಾಗೇ ಅದೆ. ನಿನ್ನ ಸಾಫ್ಟ್‌ವೇರಿನ ವರ್ಷ ಮುಗಿದದೆ.’

ವರ್ಷ ಮುಗಿದಿದೆ ಎಂದರೇನು? ಕಾಸು ಕೊಟ್ಟು ಕೊಂಡ ಸಾಮಾನಿಗೆ ವರ್ಷ ಮುಗಿಯುವುದುಂಟೆ? ತಕ್ಕಡಿ ಕೊಂಡರೆ ತಕ್ಕಡಿ ನಮ್ಮದು, ಕಲ್ಲು ಕೊಂಡರೆ ಕಲ್ಲು ನಮ್ಮದು. ಹಾಗಿರುವಾಗ ಇದ್ಯಾವ ನ್ಯಾಯ ಎಂದು ಗಿರಾಕಿ ಕೇಳಿದರೆ ತಪ್ಪಿಲ್ಲ. ಅಂಗಡಿಯ ಮೇಲಿನ ಹಲಗೆಯಲ್ಲಿ ಧೂಳು ಕುಡಿಯುತ್ತಾ ಕೂತಿರುವ ಬಣ್ಣ ಮಾಸಿದ ರಟ್ಟಿನ ಡಬ್ಬಿಗಳನ್ನು ಕೇಳಿದರೆ ಅವು ಅರ್ಧ ಉತ್ತರ ಹೇಳುತ್ತವೆ. ಮಿಕ್ಕ ಅರ್ಧ ಉತ್ತರ ಗಿರಾಕಿಯ ಜೇಬಿನಲ್ಲಿರುವ ಮೊಬೈಲಿನಲ್ಲಿದೆ.

ಬಸ್ ಪಾರ್ಸಲಿನಲ್ಲಿ ಬರುತ್ತಿದ್ದ ಬುದ್ಧಿ

ಕೊಳ್ಳೇಗಾಲಕ್ಕೆ ಇವತ್ತಿಗೂ ರೈಲಿಲ್ಲ. ಬರುವ ಸಾಮಾನೆಲ್ಲ ರಸ್ತೆ ಮೇಲೇ ಬರಬೇಕು. ಸಾಫ್ಟ್‌ವೇರ್ ಕೂಡ ಒಂದು ಕಾಲಕ್ಕೆ ಹಾಗೇ ಬರುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲೋ, ಮೈಸೂರಿನ ಡೀಲರ್ ಬಳಿಯೋ ಕೊಂಡು, ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಬೇಕಿತ್ತು. ಡಬ್ಬಿ ನೋಡಿದರೆ ಒಂದು ಸೇರು ಅಕ್ಕಿ ಹಿಡಿಯುವಷ್ಟು ದೊಡ್ಡದು. ಬಿಚ್ಚಿದರೆ ಒಳಗೆ ಒಂದು ಸೀಡಿ, ಯಾರೂ ಓದದ ಒಂದು ಪುಸ್ತಕ, ನಂಬರ್ ಅಚ್ಚಾದ ಒಂದು ಚೀಟಿ. ಉಳಿದದ್ದೆಲ್ಲ ಗಾಳಿ! ಆದರೆ ಬೆಲೆಯೆಲ್ಲ ಇದ್ದದ್ದು ಆ ಚೀಟಿಯ ನಂಬರಿನಲ್ಲೇ.

ಆಗ ಡಬ್ಬಿ ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದೂ ದೊಡ್ಡ ಊರುಗಳಲ್ಲಿ. ಆಮೇಲೆ ಟೆಲಿಫೋನ್ ತಂತಿಯ ಇಂಟರ್‌ನೆಟ್ ಬಂದಾಗ ಅದರ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಒಂದು ಸೀಡಿಯಲ್ಲಿರುವ ಸುಮಾರು 700 ಎಂಬಿ ಸರಕನ್ನು ಆ ತಂತಿಯಲ್ಲಿ ಇಳಿಸಿಕೊಳ್ಳಲು, ಒಂದು ಕ್ಷಣವೂ ಲೈನ್ ಕಡಿಯದಿದ್ದರೆ, ಸುಮಾರು 28 ಗಂಟೆ ಬೇಕು. ಮಧ್ಯೆ ಯಾರಾದರೂ ಫೋನ್ ಎತ್ತಿದರೆ ಕಥೆ ಮುಗಿಯಿತು, ಮತ್ತೆ ಮೊದಲಿಂದ! ಅದೇ 28 ಗಂಟೆಯಲ್ಲಿ ಕೊಳ್ಳೇಗಾಲದಿಂದ ಬೆಂಗಳೂರಿಗೆ ಹೋಗಿ, ಡಬ್ಬಿ ಕೊಂಡು, ಊಟ ಮಾಡಿ, ವಾಪಸ್ ಬಂದು, ಒಂದು ನಿದ್ದೆಯನ್ನೂ ಮಾಡಬಹುದಿತ್ತು. ಬಸ್ಸೇ ವೇಗ!

ಆ ಲೆಕ್ಕ ತಿರುಗಿದ್ದು 2016ರ ಸೆಪ್ಟೆಂಬರಿನ ನಂತರ. ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. ಬಳೆಪೇಟೆಯ ಮನೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಇಳಿಸಿಕೊಳ್ಳುವ ಸರಕಿಗೆ ಯಾರು ಡಬ್ಬಿ ಹೊತ್ತು ತಂದಾರು? ಈಗ ಬರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಸೀಡಿ ಹಾಕಲು ತೂತೇ ಇಲ್ಲ.

ಅಂಗಡಿ ಬಾಗಿಲಲ್ಲೇ ಹುಟ್ಟಿದ ಕಂಪನಿಗಳು

ಇಷ್ಟಕ್ಕೂ ನಮ್ಮ ವರ್ತಕರು ಬಳಸುವ ಸಾಫ್ಟ್‌ವೇರ್‌ಗಳು ಹುಟ್ಟಿದ್ದು ಎಲ್ಲೋ ಆಕಾಶದಲ್ಲಲ್ಲ. ಟ್ಯಾಲಿ ನಮ್ಮ ಬೆಂಗಳೂರಿನದೇ. ಗಿರಣಿಗಳಿಗೆ ಕಚ್ಚಾ ಮಾಲು ಮತ್ತು ಬಿಡಿ ಭಾಗ ಸರಬರಾಜು ಮಾಡುತ್ತಿದ್ದ ಶ್ಯಾಮಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಬರೆಯಲು ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಇದ್ದವೆಲ್ಲ ಕೋಡ್ ನಂಬರ್ ಕೇಳುತ್ತಿದ್ದವು. ಲೆಕ್ಕ ಬರೆಯುವವನು ಖಾತೆಯನ್ನು ಹೆಸರಿನಿಂದ ಬಲ್ಲ, ನಂಬರಿನಿಂದಲ್ಲ. ಕಡೆಗೆ ಮಗ ಭರತ್ ಗೋಯೆಂಕಾ ತಾವೇ ಒಂದನ್ನು ಬರೆದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂದು ಶುರುವಾದ ಕಂಪನಿಯೇ ಇವತ್ತಿನ ಟ್ಯಾಲಿ ಸಲ್ಯೂಷನ್ಸ್. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ವೈರಸ್ ಕಾಯುವ ಕ್ವಿಕ್ ಹೀಲ್ ಕಥೆಯೂ ಅಂಥದ್ದೇ. ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತಿದ್ದ, ಕಾಲೇಜು ಮೆಟ್ಟಿಲು ಹತ್ತದ ಕೈಲಾಸ್ ಕಾಟ್ಕರ್ ತಮ್ಮದೇ ರಿಪೇರಿ ಅಂಗಡಿ ಇಟ್ಟರು. ರಿಪೇರಿಗೆ ಬಂದ ಕಂಪ್ಯೂಟರ್‌ಗಳಿಗೆಲ್ಲ ವೈರಸ್ ಕಾಟ. ತಮ್ಮ ಸಂಜಯ್ ಅದಕ್ಕೆ ಮದ್ದು ಬರೆದರು. 1990ರ ದಶಕದ ಮಧ್ಯಭಾಗದಲ್ಲಿ ಅದೇ ಮಾರಾಟದ ಸರಕಾಯಿತು. ಊರೂರಿನ ಕಂಪ್ಯೂಟರ್ ಅಂಗಡಿಗಳೇ ಅದನ್ನು ಡಬ್ಬಿಯಲ್ಲಿಟ್ಟು ಮಾರಿದವು.

ಗಮನಿಸಬೇಕಾದ್ದು ಇಷ್ಟು: ಈ ಎರಡೂ ಕಂಪನಿಗಳು ಬೆಳೆದದ್ದು ಊರೂರಿನ ಡೀಲರ್‌ಗಳ ಬೆನ್ನ ಮೇಲೆ. ಯಳಂದೂರಿನ ಗೊಬ್ಬರದ ಅಂಗಡಿಯವರಿಗೆ ಅಂಥ ಸಾಫ್ಟ್‌ವೇರ್ ಹೆಸರು ಹೇಳಿಕೊಟ್ಟಿದ್ದು ಟಿವಿ ಜಾಹೀರಾತಲ್ಲ. ಬೈಕಿನಲ್ಲಿ ಬಂದು, ಕಂಪ್ಯೂಟರ್ ಮುಂದೆ ಮೂರು ದಿನ ಕೂತು, ಖಾತೆ ತೆರೆದು, ‘ಇಲ್ಲಿ ಒತ್ತಿ ಬುದ್ಧಿ, ಬಿಲ್ ಬತ್ತದೆ’ ಎಂದು ಕಲಿಸಿ ಹೋದ ಹುಡುಗ. ಅವನ ಸಂಬಳ ಹುಟ್ಟುತ್ತಿದ್ದದ್ದು ಆ ಡಬ್ಬಿಯ ಮೇಲಿನ ಲಾಭದಲ್ಲಿ.

‘ಅಲ್ಲ ಕನಣ್ಣ, ಮೊಬೈಲಲ್ಲಿ ಕಮ್ಮಿ ಅದೆ!’

ಈಗ ಆ ಲಾಭಕ್ಕೆ ಕುತ್ತು. ಗಿರಾಕಿ ಅಂಗಡಿಗೆ ಬರುತ್ತಾನೆ, ಅರ್ಧ ಗಂಟೆ ವಿಚಾರಿಸುತ್ತಾನೆ, ಯಾವುದು ಒಳ್ಳೆಯದು ಎಂದು ತಿಳಿದುಕೊಳ್ಳುತ್ತಾನೆ. ಕಡೆಗೆ ಮೊಬೈಲ್ ತೆಗೆದು ‘ಅಲ್ಲ ಕನಣ್ಣ, ಇಲ್ಲಿ ಕಮ್ಮಿ ತೋರಿಸ್ತಾ ಅದೆ, ನೀ ಯಾಕೆ ಜಾಸ್ತಿ ಹೇಳೀಯೆ?’ ಎನ್ನುತ್ತಾನೆ. ಜವಳಿ ಅಂಗಡಿಯವರಿಗೆ, ಚಪ್ಪಲಿ ಅಂಗಡಿಯವರಿಗೆ ಈ ಮಾತು ಹೊಸದಲ್ಲ. ಆದರೆ ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡಬಹುದು. ಸಾಫ್ಟ್‌ವೇರ್ ನೋಡಿದರೆ ಅಂಗಡಿಯಲ್ಲೂ ಅದೇ, ಆನ್‌ಲೈನಿನಲ್ಲೂ ಅದೇ. ಹಾಗಾದರೆ ಅಂಗಡಿಗೆ ಯಾಕೆ ಕೊಡಬೇಕು ಎರಡು ಕಾಸು ಹೆಚ್ಚು?

ಕಂಪನಿಯ ಕಡೆಯಿಂದ ನೋಡಿದರೂ ಲೆಕ್ಕ ನೇರ. ಡಬ್ಬಿ ಎಂದರೆ ರಟ್ಟು, ಅಚ್ಚು, ಗೋಡೌನ್, ಲಾರಿ ಬಾಡಿಗೆ, ದೊಡ್ಡ ವಿತರಕನ ಪಾಲು, ಸಣ್ಣ ಅಂಗಡಿಯ ಪಾಲು. ಮಾರಾಟವಾಗದ ಹಳೇ ಡಬ್ಬಿ ವಾಪಸ್ ಬಂದರೆ ಅದೂ ನಷ್ಟ. ನೇರ ಮಾರಿದರೆ ಇದೊಂದೂ ಇಲ್ಲ. ಮೇಲಾಗಿ ಗಿರಾಕಿಯ ಹೆಸರು, ಫೋನ್ ನಂಬರ್ ಕಂಪನಿಯ ಕೈಗೇ ಬರುತ್ತದೆ. ಮುಂದಿನ ವರ್ಷದ ಕಂತಿಗೆ ಅಂಗಡಿಯವನ ಹಂಗಿಲ್ಲದೆ ಮೆಸೇಜ್ ಕಳಿಸಬಹುದು.

ಹಾಗೆಂದು ದಲ್ಲಾಳಿ ಸತ್ತನೆ? ಇಲ್ಲ ಸ್ವಾಮಿ, ಊರು ಬದಲಾಯಿಸಿದ! ಆಪಲ್ ಕಂಪನಿ 2008ರ ಜುಲೈನಲ್ಲಿ ಮೊಬೈಲ್ ಆಪ್‌ಗಳ ಅಂಗಡಿ ತೆರೆದಾಗ ಮಾರಾಟದಲ್ಲಿ ನೂರಕ್ಕೆ 30 ತನ್ನ ಪಾಲು ಎಂದಿತು. ಗೂಗಲ್ ಕೂಡ ಅದೇ ದರ ಹಿಡಿಯಿತು. ಸಣ್ಣವರ ಕೂಗು ಜೋರಾದ ಮೇಲೆ 2021ರಲ್ಲಿ ಇಬ್ಬರೂ ಸಣ್ಣ ತಯಾರಕರಿಗೆ ಅದನ್ನು 15ಕ್ಕೆ ಇಳಿಸಿದರು. ನೂರಕ್ಕೆ 30 ಕಮಿಷನ್ ತೆಗೆದುಕೊಂಡರೆ ನಮ್ಮೂರ ಮಂಡಿಯವನನ್ನು ಬೈಯುವ ಬಾಯಿಗಳು ಎಷ್ಟಿರುತ್ತಿದ್ದವು! ದನದ ಜಾತ್ರೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ದಲ್ಲಾಳಿಯನ್ನಾದರೂ ಕಣ್ಣಾರೆ ನೋಡಬಹುದು. ಈ ದಲ್ಲಾಳಿಯ ಮುಖ ಯಾರೂ ಕಂಡಿಲ್ಲ.

ಕೊಳ್ಳೇಗಾಲದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದಿಂದಿಳಿದ ಸೀರೆ ಉಡುವವರ ಮೈಗೆ ಹೋಗುವಷ್ಟರಲ್ಲಿ ಎಷ್ಟು ಕೈ ದಾಟುತ್ತದೆ, ಪ್ರತಿ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ.

ದೊಡ್ಡ ಅಂಗಡಿಯೂ ಮುಳುಗಿತು

ಅಮೆರಿಕದಲ್ಲಿ ಎಗ್‌ಹೆಡ್ ಎಂಬ ಅಂಗಡಿ ಸಾಲು ಇತ್ತು. 1984ರಲ್ಲಿ ಶುರುವಾಗಿ ಸಾಫ್ಟ್‌ವೇರ್ ಡಬ್ಬಿಗಳನ್ನೇ ಮಾರಿ ದೊಡ್ಡದಾದ ಕಂಪನಿ. 1998ರಲ್ಲಿ ಇದ್ದಬದ್ದ ಅಂಗಡಿಗಳಿಗೆಲ್ಲ ಬಾಗಿಲು ಹಾಕಿ ‘ಇನ್ನು ಮೇಲೆ ಇಂಟರ್‌ನೆಟ್ಟಿನಲ್ಲೇ ವ್ಯಾಪಾರ’ ಎಂದು ಹೊರಟಿತು. ಬುದ್ಧಿವಂತಿಕೆ ಎಂದು ಎಲ್ಲರೂ ಹೊಗಳಿದರು. ಮೂರೇ ವರ್ಷದಲ್ಲಿ, 2001ರಲ್ಲಿ ದಿವಾಳಿ! ಡಬ್ಬಿ ಬಿಟ್ಟವರೆಲ್ಲ ಉಳಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಮಾಲು ಮಾಡುವವನೇ ನೇರ ಮಾರತೊಡಗಿದರೆ, ಬರೀ ಕೈ ಬದಲಾಯಿಸುವವನಿಗೆ ಆನ್‌ಲೈನಿನಲ್ಲೂ ಜಾಗವಿಲ್ಲ.

ನಮ್ಮ ಫೋಟೋ ಸ್ಟುಡಿಯೋದವರನ್ನು ಕೇಳಿ. ಫೋಟೋಶಾಪ್ ಮಾಡುವ ಅಡೋಬಿ ಕಂಪನಿ 2013ರಲ್ಲಿ ‘ಇನ್ನು ಹೊಸ ಡಬ್ಬಿ ಬರುವುದಿಲ್ಲ, ತಿಂಗಳು ತಿಂಗಳು ಬಾಡಿಗೆ ಕಟ್ಟಿ’ ಎಂದು ಘೋಷಿಸಿತು. ಒಂದು ಸಲ ಕೊಂಡು ಹತ್ತು ವರ್ಷ ದುಡಿಯುವ ಕಾಲ ಅಲ್ಲಿಗೆ ಮುಗಿಯಿತು. ಮದುವೆ ಸೀಸನ್ ಇರಲಿ, ಆಷಾಢ ಇರಲಿ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಡಬ್ಬಿಗೂ ನಂಬರಿಗೂ ಇರುವ ವ್ಯತ್ಯಾಸದ ಬಗ್ಗೆ ಸುಪ್ರೀಂ ಕೋರ್ಟಿನಲ್ಲೇ ಮೊಕದ್ದಮೆ ನಡೆದಿದೆ. ಸಾಫ್ಟ್‌ವೇರ್ ಎಂಬುದು ಬರೀ ಬುದ್ಧಿ, ಅದಕ್ಕೆ ಮಾರಾಟ ತೆರಿಗೆ ಹಾಕುವಂತಿಲ್ಲ ಎಂದು ಟಿಸಿಎಸ್ ಕಂಪನಿ ಆಂಧ್ರಪ್ರದೇಶ ಸರ್ಕಾರದ ವಿರುದ್ಧ ವಾದಿಸಿತ್ತು. 2004ರ ನವೆಂಬರ್ 5ರಂದು ಐವರು ನ್ಯಾಯಮೂರ್ತಿಗಳ ಪೀಠ, ಸೀಡಿಯಲ್ಲೋ ಫ್ಲಾಪಿಯಲ್ಲೋ ತುಂಬಿ ಅಂಗಡಿಯಲ್ಲಿ ಮಾರಿದರೆ ಅದು ಸರಕೇ, ತೆರಿಗೆ ಕಟ್ಟಿ ಎಂದಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಡಬ್ಬಿಯಲ್ಲಿ ಬಂದರೆ ಸರಕು, ತಂತಿಯಲ್ಲಿ ಬಂದರೆ ಸೇವೆ. ತೆರಿಗೆ ಮಾತ್ರ ಎರಡಕ್ಕೂ ನೂರಕ್ಕೆ 18.

ಕನ್ನಡಕ್ಕೆ ಮಾತ್ರ ತಂತಿ ತಾಯಿಯಾಯ್ತು

ಎಲ್ಲವೂ ನಷ್ಟದ ಕಥೆಯೇ ಅಲ್ಲ. ಒಂದು ಕಾಲಕ್ಕೆ ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್, ರಸೀದಿ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನವರು ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಬೇಕೆಂದರೆ ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿಯಂಥ ಡಬ್ಬಿ ತರಬೇಕಿತ್ತು. ಜೊತೆಗೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ‘ಲಾಕು’. ಆ ಲಾಕು ಕಳೆದರೆ ಕನ್ನಡವೂ ಬಂದ್! ಹತ್ತು ಪ್ರತಿ ಕರಪತ್ರ ಬೇಕೆಂಬ ಸಂಘದವರು, ಮಕ್ಕಳ ಪ್ರಶ್ನೆಪತ್ರಿಕೆ ಮಾಡಬೇಕೆಂಬ ಮೇಷ್ಟ್ರು ಅಷ್ಟು ಹಣ ಎಲ್ಲಿಂದ ತಂದಾರು?

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಡಬ್ಬಿ ಇಲ್ಲ, ಡೀಲರ್ ಇಲ್ಲ, ಲಾಕು ಇಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡರೆ ಪುಕ್ಕಟೆ. ಒಬ್ಬರು ಇಳಿಸಿಕೊಂಡರೆ ಫ್ಲಾಪಿಯಲ್ಲಿ ಹತ್ತು ಜನಕ್ಕೆ ಹಂಚಬಹುದಿತ್ತು. ಬಹಳ ವರ್ಷದ ಮೇಲೆ ಅದಕ್ಕೂ ಬೆಲೆ ಇಡಲಾಯಿತು, ಆ ಮಾತು ಬೇರೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಪುಕ್ಕಟೆ ಸಿಕ್ಕಿ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಹಣಕ್ಕೆ ಕಟ್ಟಿಹಾಕಲಿಲ್ಲ. ಮುಂದೆ ವಿಂಡೋಸ್ ಒಳಗೇ ‘ತುಂಗಾ’ ಎಂಬ ಕನ್ನಡ ಅಕ್ಷರ ಬಂತು. ಡಬ್ಬಿ ವ್ಯಾಪಾರವನ್ನೇ ನಂಬಿ ಕೂತಿದ್ದರೆ ಹನೂರಿನ ಮೇಷ್ಟ್ರ ಕಂಪ್ಯೂಟರಿಗೆ ಕನ್ನಡ ಬರಲು ಇನ್ನೆಷ್ಟು ವರ್ಷ ಬೇಕಿತ್ತೋ! ಅಂಗಡಿಯ ಪರ ಮಾತಾಡುವವರೂ ಇದನ್ನು ಒಪ್ಪಲೇಬೇಕು.

ಇನ್ನೊಂದು ಸತ್ಯವನ್ನೂ ಮುಚ್ಚಿಡುವುದು ಬೇಡ. ಡಬ್ಬಿಯ ವ್ಯಾಪಾರವನ್ನು ಮೊದಲು ತಿಂದದ್ದು ಆನ್‌ಲೈನ್ ಅಲ್ಲ, ಕಳ್ಳ ಸೀಡಿ. ‘ಎಲ್ಲಾ ಹಾಕ್ಕೊಡಣ್ಣ’ ಎಂದರೆ ಎಲ್ಲವನ್ನೂ ಹಾಕಿಕೊಡುವ ಕೈಗಳು ಎಲ್ಲ ಊರಲ್ಲೂ ಇದ್ದವು. ಕಳ್ಳ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಅಗ್ಗಕ್ಕೆ ಸಿಕ್ಕಿದ್ದು ಅಗ್ಗವಾಗಿ ಉಳಿಯುವುದಿಲ್ಲ.

ಮಾರ್ಚ್ 31ರ ರಾತ್ರಿ ಯಾರನ್ನು ಕೂಗುವುದು?

ಇನ್ನು ಅಸಲು ಪ್ರಶ್ನೆಗೆ ಬರೋಣ. ಹನೂರು 2018ರಲ್ಲಿ ತಾಲ್ಲೂಕಾಯಿತು. ಆದರೂ ಬೆಟ್ಟದ ದಾರಿಯ ಎಷ್ಟೋ ಊರುಗಳಲ್ಲಿ ಸಿಗ್ನಲ್ಲು ಬಂದರೆ ಬಂತು, ಹೋದರೆ ಹೋಯ್ತು. ಅಲ್ಲಿಯ ಅಂಗಡಿಯವರ ಸಾಫ್ಟ್‌ವೇರ್ ರಿಟರ್ನ್ಸ್ ಕಟ್ಟುವ ಕಡೇ ದಿನ ಕೈಕೊಟ್ಟರೆ, ಆನ್‌ಲೈನಿನಲ್ಲಿ ಮಾರಿದವನು ಹೇಳುವುದೇನು? ‘ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ.’ ಕಂಪನಿ ಸಹಾಯ ಮಾಡುವುದಿಲ್ಲ ಎಂದಲ್ಲ. ಹಲವು ಕಂಪನಿಗಳು ಕನ್ನಡದಲ್ಲೂ ಮಾತಾಡುತ್ತವೆ, ದೂರದಿಂದಲೇ ಕಂಪ್ಯೂಟರ್ ಒಳಹೊಕ್ಕು ಸರಿಮಾಡುತ್ತವೆ. ಆದರೆ ಒಳಹೊಕ್ಕವನು ಕಂಪನಿಯವನೋ ಕಳ್ಳನೋ ಎಂದು ಹೇಳುವವರು ಯಾರು?

ಇಲ್ಲೇ ಇರುವುದು ಅಪಾಯ. ‘ನಿಮ್ಮ ಆಂಟಿವೈರಸ್ ಮುಗಿದಿದೆ, ಈಗಲೇ ರಿನ್ಯೂ ಮಾಡಿ’ ಎಂದು ಫೋನ್ ಬರುತ್ತದೆ. ಒಂದು ಆಪ್ ಹಾಕಿಕೊಳ್ಳಿ ಎನ್ನುತ್ತಾರೆ. ಒಟಿಪಿ ಹೇಳಿ ಎನ್ನುತ್ತಾರೆ. ಹೇಳಿದರೆ ಖಾತೆ ಖಾಲಿ. ಅಂಗಡಿಯಲ್ಲಿ ಡಬ್ಬಿ ಮಾರಿದವನು ಮೋಸ ಮಾಡಿದರೆ ಮಾರನೇ ದಿನ ಬಾಗಿಲಲ್ಲಿ ನಿಂತು ಕೊರಳಪಟ್ಟಿ ಹಿಡಿಯಬಹುದಿತ್ತು. ಇವರ ಬಾಗಿಲೆಲ್ಲಿ?

ಹಾಗೆಂದು ಅಂಗಡಿಯೇ ದೇವಸ್ಥಾನ ಎನ್ನುವಂತೆಯೂ ಇಲ್ಲ. ಎಷ್ಟೋ ವರ್ತಕರಿಗೆ ತಮ್ಮ ಸಾಫ್ಟ್‌ವೇರಿನ ಸೀರಿಯಲ್ ನಂಬರ್ ಏನೆಂದೇ ಗೊತ್ತಿಲ್ಲ. ಹಾಕಿಕೊಟ್ಟ ಹುಡುಗ ಅವಸರದಲ್ಲಿ ತನ್ನದೇ ಇ-ಮೇಲ್, ತನ್ನದೇ ಫೋನ್ ನಂಬರ್ ಕೊಟ್ಟು ನೋಂದಾಯಿಸಿರುತ್ತಾನೆ. ಹುಡುಗ ಕೆಲಸ ಬಿಟ್ಟು ಬೆಂಗಳೂರು ಸೇರಿದ ಎನ್ನಿ. ಒಟಿಪಿ ಹೋಗುವುದು ಅವನಿಗೆ! ಹತ್ತು ವರ್ಷದ ಲೆಕ್ಕ, ಸಾಲ ಕೊಟ್ಟವರ ಪಟ್ಟಿ, ಜಿಎಸ್‌ಟಿ ಬಿಲ್ಲು ಎಲ್ಲ ಕಂಪ್ಯೂಟರಿನಲ್ಲೇ ಇದೆ, ಬೀಗದ ಕೈ ಮಾತ್ರ ಇನ್ನೊಬ್ಬನ ಜೇಬಿನಲ್ಲಿ. ಡಬ್ಬಿ ಕಾಲದಲ್ಲಿ ಚೀಟಿಯಾದರೂ ಗಲ್ಲಾಪೆಟ್ಟಿಗೆಯಲ್ಲಿ ಇರುತ್ತಿತ್ತು.

ವರ್ತಕರು ಮಾಡಬೇಕಾದ್ದು

ಅಂಗಡಿಯಲ್ಲಾದರೂ ಕೊಳ್ಳಿ, ಆನ್‌ಲೈನಿನಲ್ಲಾದರೂ ಕೊಳ್ಳಿ. ಮೊದಲನೆಯದಾಗಿ ಲೈಸೆನ್ಸ್ ನಿಮ್ಮ ಹೆಸರು, ನಿಮ್ಮ ಇ-ಮೇಲ್, ನಿಮ್ಮ ಫೋನ್ ನಂಬರಿನಲ್ಲೇ ಇರಲಿ. ಸೀರಿಯಲ್ ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡನೆಯದಾಗಿ ಜಿಎಸ್‌ಟಿ ಬಿಲ್ ಇಲ್ಲದೆ ಕಾಸು ಬಿಚ್ಚಬೇಡಿ. ಜಿಎಸ್‌ಟಿ ನೋಂದಣಿ ಇದ್ದವರು ಆ 18ನ್ನು ಲೆಕ್ಕದಲ್ಲಿ ಹಿಂದೆ ಪಡೆಯುವ ಅವಕಾಶವಿದೆ, ರಾಜಿ ತೆರಿಗೆ ಪದ್ಧತಿಯವರಿಗೆ ಮಾತ್ರ ಇಲ್ಲ. ಮೂರನೆಯದಾಗಿ ವಾರಕ್ಕೊಮ್ಮೆ ಲೆಕ್ಕವನ್ನು ಪೆನ್‌ಡ್ರೈವಿಗೆ ಇಳಿಸಿ ಮನೆಯಲ್ಲಿಡಿ. ಬಾಡಿಗೆ ಸಾಫ್ಟ್‌ವೇರಾದರೆ, ಬಾಡಿಗೆ ನಿಲ್ಲಿಸಿದ ಮೇಲೆ ಹಳೇ ಲೆಕ್ಕ ನೋಡಲು ಬಿಡುತ್ತದೆಯೇ ಎಂದು ಮೊದಲೇ ಕೇಳಿ. ಒಂದೇ ಸಲ ಕೊಳ್ಳುವುದೂ ವರ್ಷ ವರ್ಷ ಕಟ್ಟುವುದೂ ಎರಡೂ ಇರುವ ಕಡೆ ಐದು ವರ್ಷದ ಲೆಕ್ಕ ಹಾಕಿ ನೋಡಿ, ಒಂದು ವರ್ಷದ್ದಲ್ಲ.

ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಿಂತ ಕಮ್ಮಿ ವಹಿವಾಟಿನ ಸಣ್ಣ ವರ್ತಕರಿಗೆಂದು ಜಿಎಸ್‌ಟಿ ಜಾಲದವರು 2019ರಲ್ಲಿ ಪುಕ್ಕಟೆ ಬಿಲ್ಲಿಂಗ್ ಸಾಫ್ಟ್‌ವೇರ್ ಒದಗಿಸುವ ಏರ್ಪಾಡು ಮಾಡಿದ್ದುಂಟು. ಕೊಳ್ಳುವ ಮುಂಚೆ ನಿಮ್ಮ ಆಡಿಟರನ್ನು ಒಂದು ಮಾತು ಕೇಳುವುದು ಲೇಸು.

ಮೋಸ ಹೋದರೆ ನಾಚಿಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ. ಕೊಂಡ ಸರಕಿನ ತಕರಾರಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. 2019ರ ಗ್ರಾಹಕರ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡ ಸಣ್ಣ ವ್ಯಾಪಾರಿಗೂ ಈ ಕಾಯ್ದೆಯ ಬಾಗಿಲು ತೆರೆದಿದೆ. ದೆಹಲಿಗೆ, ಮುಂಬೈಗೆ ಅಲೆಯಬೇಕಿಲ್ಲ.

ಕಂಪ್ಯೂಟರ್ ಅಂಗಡಿಯವರು ಕೇಳಿಸಿಕೊಳ್ಳಬೇಕಾದ ಮಾತೂ ಒಂದುಂಟು. ಡಬ್ಬಿ ಮತ್ತೆ ಬರುವುದಿಲ್ಲ. ಡಬ್ಬಿಯೊಳಗೆ ಅಡಗಿಸಿಟ್ಟಿದ್ದ ನಿಮ್ಮ ಕೂಲಿಯನ್ನು ಈಗ ಹೊರಗೆ ತೆಗೆದು ಹೇಳಬೇಕು. ‘ಹಾಕಿಕೊಡಲು ಇಷ್ಟು, ಕಲಿಸಲು ಇಷ್ಟು, ಕರೆದಾಗ ಬರಲು ಇಷ್ಟು’ ಎಂದು ಬೋರ್ಡ್ ಬರೆದು ತಗುಲಿಸಿ. ಪುಕ್ಕಟೆ ಸಲಹೆ ಕೇಳಿ ಮೊಬೈಲಿನಲ್ಲಿ ಕೊಳ್ಳುವ ಗಿರಾಕಿಯೂ ನಾಳೆ ನಿಮ್ಮಲ್ಲಿಗೇ ಬರಬೇಕು, ಆಗ ಕೂಲಿ ಕೊಟ್ಟೇ ಕೊಡುತ್ತಾನೆ.

ಗಿರಾಕಿಗೂ ಅಷ್ಟೇ. ಮುನ್ನೂರು ರೂಪಾಯಿ ಉಳಿಯಿತೆಂದು ಹಿಗ್ಗುವ ಮುಂಚೆ ಒಂದು ಯೋಚನೆ ಮಾಡಬೇಕು. ಇರುವ ನಾಲ್ಕು ಅಂಗಡಿಯೂ ಬಾಗಿಲು ಹಾಕಿದರೆ, ಮಾರ್ಚ್ 31ರ ಸಂಜೆ ಹಳೇ ಪಂಚೆಯಲ್ಲಿ ಪೆಟ್ಟಿಗೆ ಸುತ್ತಿಕೊಂಡು ಹನೂರು ಬಸ್ಸಿನಿಂದ ಇಳಿದವರು ಹೋಗುವುದೆಲ್ಲಿಗೆ? ಅದೇ ಬಸ್ಸು ವಾಪಸ್ ಹೊರಡುವವರೆಗೂ ಸ್ಟ್ಯಾಂಡಿನಲ್ಲೇ ಕೂರಬೇಕಾಗುತ್ತದೆ.